ಅಕ್ಕನ ಮುಖದ ಬೀಡಿಕಟ್ಟು

ಹರಪನಹಳ್ಳಿಯಿಂದ ಯಾವ ದಿಕ್ಕಿನ ಬಸ್ಸು ಹತ್ತಿದರೂ ಇಳಿಯುವ ಕಡೆ ನನ್ನ ಅಕ್ಕ ನನಗಿಂತ ಮೊದಲೇ ಬಂದು ಕೂತಿರುತ್ತಿದ್ದಳು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲ ಕಡೆಯೂ ಅದೇ ಕಥೆ. ನಿಲ್ದಾಣದ ಗೂಡಂಗಡಿಯಲ್ಲಿ, ತೂಗುಬಿಟ್ಟ ಬಾಳೆಗೊನೆಯ ಹಿಂದೆ, ಸಾಲಾಗಿ ಜೋಡಿಸಿದ ಬೀಡಿಕಟ್ಟುಗಳ ಮೇಲೆ ಅವಳ ಮುಖ. ಇನ್ನೂ ಎರಡು ತುಂಬದ ಕೂಸು, ಗುಂಡು ಕೆನ್ನೆ, ನೆತ್ತಿಯ ಮೇಲೊಂದು ಜುಟ್ಟು, ಎಡಗೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು. ನಾನು ಚೀಲ ಹೊತ್ತು ಬೆವರು ಒರೆಸಿಕೊಳ್ಳುತ್ತ ಇಳಿದರೆ ಅವಳು ನೆರಳಲ್ಲಿ ಕೂತು ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಪ್ಪನದು ಸಣ್ಣ ಬೀಡಿ ಕಾರ್ಖಾನೆ. ಕಾರ್ಖಾನೆ ಅಂದರೆ ಉದ್ದನೆಯ ಒಂದು ತಗಡಿನ ಪಡಸಾಲೆ, ಬೀಡಿ ಒಣಗಿಸುವ ಗೂಡು, ಒಂದು ತಕ್ಕಡಿ. ಊರಿನ ಹೆಂಗಸರು ಮನೆಯಲ್ಲೇ ಎಲೆ ಕತ್ತರಿಸಿ, ತಂಬಾಕಿನ ಪುಡಿ ತುಂಬಿ, ದಾರ ಸುತ್ತಿ, ಮೊರದಲ್ಲಿ ತಂದು ಕೊಡುತ್ತಾರೆ. ಇಲ್ಲಿ ಅದನ್ನು ಕಟ್ಟು ಕಟ್ಟಿ ಲೇಬಲ್ ಅಂಟಿಸುತ್ತಾರೆ. ಬೀಡಿಯವರಲ್ಲಿ ಒಂದು ಪದ್ಧತಿ ಇದೆ. ಲೇಬಲ್ಲಿನ ಮೇಲೆ ಯಾರದಾದರೂ ಮುಖ ಬೇಕು. ಮಾಲೀಕನದೋ, ಅವನ ಅಪ್ಪನದೋ, ಮನೆಯ ಮಗುವಿನದೋ. ಓದು ಬಾರದ ಗಿರಾಕಿ ಮುಖ ನೋಡಿ ತನ್ನ ಬೀಡಿಯನ್ನು ಗುರುತಿಸುತ್ತಾನೆ. ಮನೆಯವರ ಮುಖ ಇಟ್ಟವನು ಕಳಪೆ ಮಾಲು ಕೊಡಲಾರ ಅಂತ ನಂಬುತ್ತಾನೆ. ಅಪ್ಪ ಕಾರ್ಖಾನೆ ತೆರೆದಾಗ ಮನೆಯಲ್ಲಿದ್ದ ಮಗು ಅಕ್ಕ ಒಬ್ಬಳೇ. ಅವಳನ್ನು ಎತ್ತಿಕೊಂಡು ಹೋಗಿ ಸ್ಟುಡಿಯೋದಲ್ಲಿ ಫೋಟೋ ತೆಗೆಸಿ ಅಚ್ಚಿಗೆ ಕೊಟ್ಟ. ಬೀಡಿಗೆ ಅವನು ಇಟ್ಟ ಹೆಸರು ಬೇರೆಯದೇ ಇತ್ತು, ಆದರೆ ಯಾರೂ ಆ ಹೆಸರಿನಿಂದ ಕೇಳಲಿಲ್ಲ. ‘ಕೂಸಿನ ಬೀಡಿ ಕೊಡ್ರಿ’ ಅಂದರು, ಅದೇ ನಿಂತುಬಿಟ್ಟಿತು.

ನಾನು ಹುಟ್ಟುವ ಹೊತ್ತಿಗೆ ಅಕ್ಕನ ಮುಖ ಊರೂರು ಸುತ್ತಿ ಬಂದಿತ್ತು. ನನಗೂ ಅದೇ ವಯಸ್ಸಿಗೆ, ಅದೇ ಸ್ಟುಡಿಯೋದಲ್ಲಿ, ಅದೇ ಥರ ಜುಟ್ಟು ಕಟ್ಟಿ ಒಂದು ಫೋಟೋ ತೆಗೆಸಿದ್ದರು. ಅದು ಮಾತ್ರ ಟ್ರಂಕಿನ ಸೀರೆಗಳ ನಡುವೆ ಉಳಿಯಿತು. ಬುದ್ಧಿ ಬಂದ ಮೇಲೆ ನಾನು ಅಪ್ಪನ ಪಂಚೆ ಜಗ್ಗಿ ಕೇಳುತ್ತಿದ್ದೆ, ನನ್ನದು ಯಾವಾಗ ಅಂತ.

“ನಿಂದೂ ಹಾಕೋಣ ತಗಾ. ಇನ್ನೊಂದು ಜಾತಿ ಬೀಡಿ ಮಾಡ್ತೀನಿ, ಅದ್ರ ಮ್ಯಾಲ ನಿಂದ ಮಾರಿ,” ಅನ್ನುತ್ತಿದ್ದ ಅಪ್ಪ.

ಆ ಇನ್ನೊಂದು ಜಾತಿ ಬೀಡಿ ಬರಲೇ ಇಲ್ಲ. ಉಜ್ಜಿನಿಯ ಗುಡಿಗೆ ಹೋದರೆ ಕಾಯಿ ಮಾರುವವಳು ಅಕ್ಕನ ಗದ್ದ ಹಿಡಿದು, “ಬೀಡಿ ಕೂಸು ಅಲ್ಲೇನ ಇದು!” ಅಂತ ಒಂದು ಬಾಳೆಹಣ್ಣು ಹೆಚ್ಚಿಗೆ ಕೊಡುತ್ತಿದ್ದಳು. ಅಕ್ಕ ಅದನ್ನು ಮುರಿದು ಅರ್ಧ ನನಗೆ ಕೊಡುತ್ತಿದ್ದಳು. ಅವಳು ಒಳ್ಳೆಯವಳು ಅನ್ನುವುದೇ ನನಗೆ ಇನ್ನೊಂದು ಸಂಕಟ. ಜಗಳಕ್ಕಾದರೂ ಬಂದಿದ್ದರೆ ನನಗೆ ಸಲೀಸಾಗುತ್ತಿತ್ತು.

ಮದುವೆಯ ಕಾಲಕ್ಕೆ ಹಿರೇಹಡಗಲಿಯಿಂದ ಅಕ್ಕನನ್ನು ನೋಡಲು ಬಂದರು. ಹುಡುಗನ ಸೋದರಮಾವ ಅಂಗಿಯ ಜೇಬು ತಟ್ಟಿ, “ನಿಮ್ಮ ಹುಡುಗೀನ ಹೊಸದಾಗಿ ನೋಡೋದೇನೈತ್ರಿ, ದಿನಾ ನನ್ ಜೇಬಿನ್ಯಾಗ ಇರ್ತಾಳ,” ಅಂದಾಗ ಮನೆಯೆಲ್ಲ ನಕ್ಕಿತು. ಕೆಲವು ವರ್ಷಗಳ ಮೇಲೆ ನನ್ನನ್ನು ನೋಡಲು ಬಂದವರು ಬಾಗಿಲಲ್ಲೇ ಕೇಳಿದ್ದು, “ಬೀಡಿ ಕೂಸಿನ ತಂಗೀನ ಇವ್ರು?” ಅಂತ. ನಾನು ಚಹಾದ ತಟ್ಟೆ ಅಲ್ಲೇ ಇಟ್ಟು ಒಳಗೆ ಹೋದೆ. ಅವತ್ತು ಬಂದಿದ್ದ ಹುಡುಗನನ್ನೇ ಮದುವೆಯಾದೆ ಅನ್ನುವುದು ಬೇರೆ ಮಾತು. ಗಂಡ ಇವತ್ತಿಗೂ ನನ್ನನ್ನು ಕೆಣಕಬೇಕೆಂದರೆ ಆ ಮಾತನ್ನೇ ಎತ್ತುತ್ತಾನೆ.

ಅಕ್ಕ ನರ್ಸ್ ಆದಳು, ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯೊಂದರಲ್ಲಿ. ನಾನು ವಾಣಿಜ್ಯಶಾಸ್ತ್ರ ಓದಿ, ಅಪ್ಪನ ಮನೆಯಿಂದ ಎರಡು ಬೀದಿ ಆಚೆ ಸಂಸಾರ ಹೂಡಿ, ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ಅಂತಾರಾಷ್ಟ್ರೀಯ ವ್ಯಾಪಾರದ ಪಾಠ ನನ್ನದು. ಬೇರೆ ಮೇಷ್ಟರುಗಳಿಗೆ ಅದು ಒಣ ವಿಷಯ. ನನಗೆ ಮೊದಲ ದಿನದಿಂದಲೂ ಅದು ಮನೆಯ ಮಾತು. ದೇಶದೇಶಗಳ ವ್ಯಾಪಾರದ ಕಟ್ಟಳೆಗಳಲ್ಲಿ ಮೊದಲನೆಯದು ‘ಪರಮಾಪ್ತ ರಾಷ್ಟ್ರ’ ಅನ್ನುವ ನಿಯಮ. ಒಬ್ಬನಿಗೆ ಒಂದು ಸವಲತ್ತು ಕೊಟ್ಟೆಯೋ, ಕೂಟದಲ್ಲಿರುವ ಎಲ್ಲರಿಗೂ ಅದನ್ನೇ ಕೊಡಬೇಕು, ಒಬ್ಬನನ್ನು ಮಡಿಲಲ್ಲಿ ಕೂಡಿಸಿಕೊಂಡು ಇನ್ನೊಬ್ಬನನ್ನು ಹೊಸ್ತಿಲಲ್ಲಿ ನಿಲ್ಲಿಸುವಂತಿಲ್ಲ. ಅದನ್ನು ಬರೆದವರು ಖಂಡಿತ ಎರಡನೆಯ ಮಕ್ಕಳೇ ಇರಬೇಕು. ಈ ಪಾಠ ಮಾಡುವಾಗ ನನ್ನ ದನಿ ಏರುತ್ತದೆ ಅಂತ ಹುಡುಗಿಯರು ಮುಸಿಮುಸಿ ನಗುತ್ತಾರೆ.

ಅದೇ ಪಾಠದಲ್ಲಿ ತಂಬಾಕಿನ ಒಪ್ಪಂದವೂ ಬರುತ್ತದೆ. ತಂಬಾಕಿನಿಂದ ಜನರನ್ನು ಕಾಯಬೇಕು, ಪೊಟ್ಟಣಗಳ ಮೇಲೆ ದೊಡ್ಡ ಎಚ್ಚರಿಕೆ ಹಾಕಬೇಕು ಅಂತ ದೇಶಗಳು ಸೇರಿ ಮಾಡಿಕೊಂಡದ್ದು. ಪಾಠ ಪುಸ್ತಕದಲ್ಲಿ ಅದು ಅರ್ಧ ಪುಟ. ನಮ್ಮ ಮನೆಗೆ ಅದು ಕಟ್ಟಿನ ಮೇಲೆ ಬಂದು ಇಳಿಯಿತು. ಮೊದಲು ಸಣ್ಣದಾಗಿ ಒಂದು ಚಿತ್ರ ಹಾಕಿದರೆ ಸಾಕಿತ್ತು. ಆಮೇಲೆ ಕಟ್ಟಿನ ಬಹುಪಾಲು ಜಾಗ ಆ ಚಿತ್ರಕ್ಕೇ ಬಿಡಬೇಕು ಅಂತಾಯಿತು. ಹೊಸ ಲೇಬಲ್ ಅಚ್ಚಾಗಿ ಬಂದಾಗ ನಾನು ಅಲ್ಲೇ ಇದ್ದೆ. ಕೊಳೆತ ಬಾಯಿಯ ಯಾರೋ ಒಬ್ಬ ಮನುಷ್ಯ ಕಟ್ಟಿನ ತುಂಬ ಆವರಿಸಿದ್ದ. ಅಕ್ಕ ಮೂಲೆಗೆ ಸರಿದು, ಹೆಬ್ಬೆರಳಿನ ಉಗುರಿನಷ್ಟಾಗಿ, ಆದರೂ ನಗುತ್ತಿದ್ದಳು.

ನನಗೆ ಖುಷಿಯಾಯಿತು. ಜನರ ಆರೋಗ್ಯ ನೆನೆದು ಆದ ಖುಷಿಯಲ್ಲ ಅದು.

ಅವ್ವ ಮಾತ್ರ ಲೇಬಲ್ ನೋಡಿ ಹೌಹಾರಿದಳು. “ಮಗಳ ಮಾರಿ ಮಗ್ಗಲ್ಕ ಇಂಥಾ ಮಾರಿ ಇಟ್ಟಾರಲ್ಲ, ಇದೇನ್ ಕೇಡುಗಾಲ!” ಅಂದು ಲೇಬಲ್ಲುಗಳ ಕಂತೆಯನ್ನು ಮಣೆಯ ಮೇಲಿಟ್ಟು, ಅದಕ್ಕೆ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ನಿವಾಳಿಸಿ ದೃಷ್ಟಿ ತೆಗೆದಳು. ನಿವಾಳಿಸಿದ್ದನ್ನು ಒಲೆಗೆ ಹಾಕಿದಾಗ ಮೆಣಸಿನಕಾಯಿಯ ಘಾಟು ಎದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿ ಇಲ್ಲ. ಘಾಟೇ ಬರದಿದ್ದರೆ ಯಾರದೋ ಕಣ್ಣು ಬಲವಾಗಿ ತಾಗಿದೆ ಅಂತ ನಮ್ಮಲ್ಲಿ ಲೆಕ್ಕ. ಅವ್ವ ಒಲೆಗೆ ಹಾಕಿದಳು. ಎಲ್ಲರೂ ಸೆರಗು ಮೂಗಿಗೆ ಹಿಡಿದು ಕಾದೆವು. ಮೆಣಸಿನಕಾಯಿ ಸುಮ್ಮನೆ ಕರ್ರಗೆ ಸುಟ್ಟು ಹೋದವು.

“ನೋಡ್ರಿ, ಒಂದೀಟೂ ಘಾಟು ಇಲ್ಲ. ಯಾರ ಕಣ್ಣೋ ಭಾಳ ದಿನದಿಂದ ಬಿದ್ದೈತಿ,” ಅಂದಳು ಅವ್ವ.

ನಾನು ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡೆ.

ಅಕ್ಕನ ಮುಖ ಹೀಗೆ ಸಣ್ಣದಾದ ಮೇಲಾದರೂ ನನ್ನ ಹೊಟ್ಟೆಯುರಿ ಸಣ್ಣದಾಗಬೇಕಿತ್ತು. ಆಗಲಿಲ್ಲ. ಅಪ್ಪ ದಿನಾ ಗೂಡಿನಿಂದ ಹೊಸ ಬೀಡಿ ಹೊರಬಂದಾಗಲೆಲ್ಲ ಒಂದನ್ನು ಹಚ್ಚಿ ಹದ ನೋಡುತ್ತಾನೆ. ಹದ ನೋಡುವುದು ಅವನ ಕೆಲಸದ ಭಾಗ. ಹದ ನೋಡಿದ ಮೇಲೆ ಸೇದುವುದು ಅವನ ಸುಖದ ಭಾಗ. ಆ ಕಟ್ಟನ್ನು ಎದೆಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ, ಅಕ್ಕನ ಮುಖ ಎದೆಯ ಕಡೆ ಬರುವ ಹಾಗೆ. ಈಚಿನ ಚಳಿಗಾಲದಲ್ಲಿ ಅವನ ಕೆಮ್ಮು ಹೆಚ್ಚಿತು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲತೊಡಗಿದ. ಅಕ್ಕ ಅವನನ್ನು ತನ್ನ ಆಸ್ಪತ್ರೆಗೆ ಕರೆದೊಯ್ದು ತೋರಿಸಿದಳು. ಪುಪ್ಪುಸ ಕೆಟ್ಟಿದೆ, ಇವತ್ತಿನಿಂದ ಬಿಟ್ಟರೆ ಇನ್ನಷ್ಟು ಕಾಲ ಉಸಿರು ಸಲೀಸು, ಬಿಡದಿದ್ದರೆ ಗೊತ್ತಲ್ಲ, ಅಂದರು ಡಾಕ್ಟರು.

ಅಪ್ಪ ವಾಪಸ್ಸು ಬಂದು, ಕಟ್ಟು ತೆಗೆದು, ಅಕ್ಕನೆದುರೇ ಒಂದು ಹಚ್ಚಿದ.

“ಏನಪಾ ನೀನು! ಈಗಿನ್ನ ಡಾಕ್ಟರು ಹೇಳ್ಯಾರ,” ಅಂತ ಅಕ್ಕ ಕಿರುಚಿದರೆ ಅವನು ಲೇಬಲ್ ತೋರಿಸಿ ನಕ್ಕ. “ಬ್ಯಾರೆ ಬೀಡಿ ಆದ್ರ ಕೆಡಸ್ತೈತಿ. ಇದ್ರ ಮ್ಯಾಲ ನೀನ ಅದೀಯಲ್ಲ. ನನ್ ಮಗಳ ಮಾರಿ ಇದ್ದದ್ದು ನನಗೇನ್ ಮಾಡೀತು?”

ಅವನು ತಮಾಷೆಗೆ ಅಂದದ್ದಲ್ಲ. ಅಷ್ಟು ವರ್ಷ ಗಿರಾಕಿಗಳಿಗೆ ಮುಖ ತೋರಿಸಿ ನಂಬಿಕೆ ಮಾರಿದವನು ತಾನೇ ಅದನ್ನು ಕೊಂಡುಕೊಂಡಿದ್ದ. ಅಕ್ಕ ಅವತ್ತು ನಮ್ಮ ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ವಾರ್ಡಿನಲ್ಲಿ ಕೂಡ್ಲಿಗಿ ಕಡೆಯ ಒಬ್ಬ ರೋಗಿ, ಇವಳು ಕೂಸಿನ ಬೀಡಿಯ ಮನೆಯ ಮಗಳು ಅಂತ ತಿಳಿದು, “ನಿನ್ ಮಾರಿ ನೋಡ್ಕೋಂತನ ಸೇದಿದ್ನವ್ವಾ,” ಅಂದನಂತೆ, ಪ್ರೀತಿಯಿಂದಲೇ. ಸಾಯುವ ಮನುಷ್ಯ ಹಾಗೆ ಅನ್ನುತ್ತ ಅವಳ ಕೈ ಹಿಡಿದುಕೊಂಡಿದ್ದನಂತೆ.

“ಅವತ್ತಿನಿಂದ ಕನ್ನಡಿ ನೋಡಾಕ ಬೇಸರಾಗೈತಿ. ಅಪ್ಪಗ ನೀನು ಹೇಳು. ವ್ಯಾಪಾರದ ಕಾನೂನು ಪಾಠ ಹೇಳ್ತೀಯ, ನಿನ್ ಮಾತು ಕೇಳ್ತಾನ. ನನ್ ಮಾರಿ ತೆಗೀಲಿ. ಮಾರಿ ಇಲ್ದಿದ್ರ ಸೇದೋದು ಬಿಡ್ತಾನ,” ಅಂದಳು.

ನಾನು ಅವಳ ಬೆನ್ನು ಸವರಿದೆ, ನೀರು ಕೊಟ್ಟೆ. ಆದರೆ ಒಳಗೆ ಏನಾಯಿತು ಅನ್ನುವುದನ್ನೂ ಹೇಳಬೇಕು. ಸಾಯುವವನೊಬ್ಬ ಇವಳ ಮುಖ ನೆನೆದನಲ್ಲ ಅಂತ ನನಗೆ ಆಗಲೂ ಹೊಟ್ಟೆ ಉರಿಯಿತು. ಅವಳ ಅಳುವೂ ನನಗಿಲ್ಲದ ಒಂದು ಐಶ್ವರ್ಯದ ಹಾಗೆ ಕಂಡಿತು.

ಅಷ್ಟರಲ್ಲಿ ಅಪ್ಪನೇ ನನ್ನನ್ನು ಕರೆಸಿದ. ದಾವಣಗೆರೆಯಲ್ಲಿ ನಡೆದ ಬೀಡಿಯವರ ಸಭೆಯಿಂದ ಹುರುಪಿನಲ್ಲಿ ಬಂದಿದ್ದ. ಅಲ್ಲಿ ಯಾರೋ ಒಬ್ಬರು, ಲೇಬಲ್ಲು ಅಂದರೆ ಟ್ರೇಡ್‌ಮಾರ್ಕು, ಅದು ಆಸ್ತಿ, ಅದನ್ನು ಮುಚ್ಚಿಸುವುದು ದೇಶದೇಶಗಳ ವ್ಯಾಪಾರದ ಕಟ್ಟಳೆಗೆ ವಿರುದ್ಧ ಅಂತ ಭಾಷಣ ಬಿಗಿದಿದ್ದರಂತೆ.

“ಹೌದೇನವಾ? ಹೊರದೇಶದ ಕಾನೂನು ನಮ್ ಕಡೆ ಐತಂತ. ಆ ಹೊಲಸು ಬಾಯಿ ತೆಗಿಸಿ ನಿಮ್ಮಕ್ಕನ್ ಮಾರಿ ಮೊದ್ಲಿನಂಗ ದೊಡ್ಡದು ಮಾಡಸಾಕ ಬರ್ತೈತೇನು?” ಅಂತ ಕೇಳಿದ.

ಅಕ್ಕನ ಮುಖ ದೊಡ್ಡದು ಮಾಡಿಸಲು ನನ್ನ ಓದು ಬೇಕಾಯಿತು ಅವನಿಗೆ! ಸಿಟ್ಟು ನುಂಗಿಕೊಂಡು ಪಾಠ ಹೇಳುವ ದನಿಯಲ್ಲಿ ಹೇಳಿದೆ. ದೂರದ ಒಂದು ದೇಶ ಸಿಗರೇಟು ಪೊಟ್ಟಣದ ಮೇಲೆ ಗುರುತು, ಬಣ್ಣ ಏನೂ ಇರಕೂಡದು ಅಂತ ಕಾಯ್ದೆ ಮಾಡಿತ್ತು. ತಂಬಾಕು ಮಾರುವ ಕೆಲವು ದೇಶಗಳು ದೇಶದೇಶಗಳ ವ್ಯಾಪಾರದ ಪಂಚಾಯ್ತಿಗೆ ದೂರು ಕೊಟ್ಟವು, ನಮ್ಮವರ ಗುರುತು ನಮ್ಮವರ ಆಸ್ತಿ ಅಂತ. ವರ್ಷಗಟ್ಟಲೆ ವಾದ ನಡೆದು, ದೂರು ಕೊಟ್ಟವರು ಸೋತರು. ಜನರ ಆರೋಗ್ಯಕ್ಕಾಗಿ ಒಂದು ದೇಶ ಹೀಗೆ ಮಾಡಬಹುದು, ತನ್ನವರಿಗೂ ಹೊರಗಿನವರಿಗೂ ಒಂದೇ ಅಳತೆ ಇದ್ದರೆ ಸರಿ. ಗುರುತಿನ ಒಡೆತನ ಅಂದರೆ ಅದನ್ನು ಬೇರೆಯವರು ಬಳಸದಂತೆ ತಡೆಯುವ ಹಕ್ಕು. ಅದನ್ನು ಊರಿಗೆಲ್ಲ ತೋರಿಸಿಯೇ ತೀರುತ್ತೇನೆ ಅನ್ನುವ ಹಕ್ಕಲ್ಲ.

ಅಪ್ಪ ಜೇಬಿನಿಂದ ಕಟ್ಟು ತೆಗೆದು ಲೇಬಲ್ಲಿನ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿದ. “ಅಂದ್ರ ಮಾರಿ ನಂದು. ಆದ್ರ ತೋರ್ಸಾಕ ಹಕ್ಕಿಲ್ಲ?”

“ಬ್ಯಾರೆ ಯಾರೂ ತೋರಿಸ್ಬಾರ್ದು ಅನ್ನಾಕ ಹಕ್ಕೈತಿ. ಅಷ್ಟ.”

“ಇದೆಂಥಾ ಹಕ್ಕು! ತಾನೂ ಉಣ್ಣಂಗಿಲ್ಲ, ಇನ್ನೊಬ್ರಿಗೂ ಬಿಡಂಗಿಲ್ಲ.”

ಮನೆಗೆ ನಡೆದು ಬರುವಾಗ ಆ ಮಾತು ತಲೆಯಲ್ಲೇ ಕೂತಿತ್ತು. ಇಷ್ಟು ವರ್ಷ ನನ್ನೊಳಗೆ ಇಟ್ಟುಕೊಂಡದ್ದು ಅದನ್ನೇ ಅಲ್ಲವೇ. ನನಗೆ ಬಾರದ್ದು ಅವಳಿಗೂ ಇರಬಾರದು. ಅದನ್ನು ಜಗತ್ತಿನ ದೊಡ್ಡ ದೊಡ್ಡ ವಕೀಲರು ಕೂತು ಹಕ್ಕು ಅಂತ ಕರೆದಿದ್ದಾರೆ ಅಂತ ನೆನೆದು ನನಗೆ ಒಂದು ಥರ ಸಮಾಧಾನವೂ ಆಯಿತು.

ಮುಂದಿನ ಭಾನುವಾರ ಅಕ್ಕ ಬಂದಳು. ಊಟಕ್ಕೆ ಕೂತಾಗಲೇ ಮಾತು ಎತ್ತಿದಳು. ರೊಟ್ಟಿ ಮುರಿಯದೆ, ತಟ್ಟೆ ಮುಂದೆ ತಳ್ಳಿ, “ನನ್ ಮಾರಿ ತೆಗಿಯೋ ತನಕ ಈ ಮನ್ಯಾಗ ಉಣ್ಣಂಗಿಲ್ಲ,” ಅಂದಳು. ಅಪ್ಪ ಅವಳ ಮಾತು ಎಂದೂ ಮೀರಿದವನಲ್ಲ. ಕೆಮ್ಮಿ, ಸುಧಾರಿಸಿಕೊಂಡು, “ಆತು. ತೆಗಸ್ತೀನಿ. ಉಣ್ಣು,” ಅಂದ.

ಅಕ್ಕ ಕಣ್ಣು ಒರೆಸಿಕೊಂಡಳು. ನಾನೂ ರೊಟ್ಟಿಗೆ ಕೈ ಹಾಕಿದೆ. ಆಗ ಅಪ್ಪ ಜೇಬಿಗೆ ಕೈ ಹಾಕಿ, ಬೀಡಿಕಟ್ಟಿನ ಹಿಂದಿನಿಂದ ಒಂದು ಸಣ್ಣ ಫೋಟೋ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟ. ಗುಂಡು ಕೆನ್ನೆ, ಜುಟ್ಟು, ದೃಷ್ಟಿಬೊಟ್ಟು. ನಾನು. ಟ್ರಂಕಿನಿಂದ ಹುಡುಕಿ ತೆಗೆದು, ಲೇಬಲ್ಲಿನ ಮೂಲೆಗೆ ಸರಿಯಾಗುವಂತೆ ಕತ್ತರಿಯಿಂದ ಕತ್ತರಿಸಿದ್ದ.

“ಇಕಿದು ಹಾಕ್ತೀನಿ. ಸಣ್ಣಕಿದ್ದಾಗ ಮಾತು ಕೊಟ್ಟಿದ್ದೆ. ಇನ್ ಮ್ಯಾಲ ಇಕಿ ಮಾರಿ ನೋಡ್ಕೋಂತ ಸೇದ್ತೀನಿ.”

ಅವನು ಮರೆತಿರಲಿಲ್ಲ. ಕೊಟ್ಟೂರಿನ ಗೂಡಂಗಡಿ, ಹಡಗಲಿಯ ನಿಲ್ದಾಣ, ಉಜ್ಜಿನಿಯ ಕಾಯಿ ಮಾರುವವಳು, ಎಲ್ಲರೂ ಕಣ್ಣ ಮುಂದೆ ಸಾಲಾಗಿ ಬಂದು ನನ್ನ ಗದ್ದ ಹಿಡಿದರು. ಹೂಂ ಅನ್ನುವುದೊಂದೇ ಬಾಕಿ. ನಾಲಿಗೆಯ ತುದಿಗೆ ಬಂದೂ ಇತ್ತು.

ಅಷ್ಟರಲ್ಲಿ ಅಕ್ಕ ಕೈ ಚಾಚಿ ಆ ಫೋಟೋ ತನ್ನ ಕಡೆ ಎಳೆದುಕೊಂಡಳು. “ಬ್ಯಾಡಪಾ. ಹಂಗಾದ್ರ ನಂದ ಇರ್ಲಿ ಬಿಡು,” ಅಂದಳು. ಆಮೇಲೆ, “ಇಕಿಗ್ಯಾಕ ಆ ಸಂಕಟ,” ಅಂತ ಸೇರಿಸಿದಳು. ಎರಡನೆಯದು ನಿಜವೇ. ಆದರೆ ಮೊದಲನೆಯದು ಮೊದಲು ಬಂದಿತ್ತು, ಮತ್ತು ಆ ಗಳಿಗೆಯಲ್ಲಿ ಅವಳ ಮುಖದ ಮೇಲೆ ಹಾದುಹೋದದ್ದು ನನಗೆ ಚೆನ್ನಾಗಿ ಪರಿಚಯದ ವಸ್ತು. ಅದರ ವಿಷಯದಲ್ಲಿ ಈ ಸೀಮೆಯಲ್ಲಿ ನನಗಿಂತ ಬಲ್ಲವರಿಲ್ಲ.

ಅಪ್ಪ ಗೊಂದಲದಲ್ಲಿ ಇಬ್ಬರನ್ನೂ ನೋಡಿದ. ಏನೋ ಹೇಳಲು ಹೋದವನಿಗೆ ಕೆಮ್ಮು ಬಂತು. ಅದು ನಿಲ್ಲಲಿಲ್ಲ. ಅವ್ವ ನೀರು ತಂದಳು, ಅಕ್ಕ ಎದ್ದು ಬೆನ್ನು ಹಿಡಿದಳು. ಅವನು ಕೆಮ್ಮಿದ ಹಾಗೆಲ್ಲ ಎದೆಯ ಜೇಬಿನ ಕಟ್ಟು ಏರುತ್ತ ಇಳಿಯುತ್ತ ಇತ್ತು. ಆ ಜೇಬಿನಲ್ಲಿ ಇನ್ನು ಮೇಲೆ ಇರುವವಳು ನಾನು. ಅವನು ನನ್ನ ಮುಖ ನೋಡುತ್ತ ಒಂದೊಂದಾಗಿ ಹಚ್ಚುತ್ತಾನೆ. ನನ್ನದಾದ ಮುಖ ಅವನ ಉಸಿರು ತಿನ್ನುತ್ತದೆ.

ಅದೂ ಅಲ್ಲದೆ, ಅಕ್ಕನಿಗೆ ಅಷ್ಟು ವರ್ಷ ಇಡೀ ಕಟ್ಟು, ನನಗೆ ಕೊಳೆತ ಬಾಯಿಯ ಪಕ್ಕದ ಒಂದು ಮೂಲೆಯೇ? ಕೆಮ್ಮಿಗೆ ಹೆದರಿ ಬೇಡ ಅಂದೆನೋ ಮೂಲೆಗೆ ಸಿಟ್ಟಾಗಿ ಅಂದೆನೋ, ಎರಡೂ ಕೂಡಿಯೇ ಬಂತು ಮಾತು.

“ನಂದೂ ಬ್ಯಾಡ, ಅಕಿದೂ ಬ್ಯಾಡ. ಯಾರ್ದೂ ಬ್ಯಾಡ. ಹಕ್ಕು ನಿನಗೈತಲ್ಲ, ತಡೆಯೋದು. ತಡಿ.”

ಅಪ್ಪ ಜೇಬಿನಿಂದ ಕಟ್ಟು ತೆಗೆದು ಕೆಳಗಿಟ್ಟ. ಮಾತಾಡುವಷ್ಟು ಉಸಿರು ಅವನಲ್ಲಿ ಇರಲಿಲ್ಲ. ಅಕ್ಕ ಆ ಕಟ್ಟನ್ನು ಎತ್ತಿಕೊಂಡು ಹೋಗಿ ಹಿತ್ತಲ ಬಚ್ಚಲಿಗೆ ಎಸೆದು ಬಂದಳು. ನನ್ನ ಫೋಟೋ ಅವಳ ತಟ್ಟೆಯ ಪಕ್ಕದಲ್ಲೇ ಉಳಿದಿತ್ತು.

ಹೊಸ ಲೇಬಲ್ಲಿನಲ್ಲಿ ಮನೆಯವರ ಮುಖ ಇಲ್ಲ. ಆ ಹೊಲಸು ಬಾಯಿಯವನು ಇದ್ದಾನೆ, ಮೂಲೆಯಲ್ಲಿ ಯಾರೂ ಕರೆಯದ ಆ ಹೆಸರು ಇದೆ. ಮಾರಾಟ ಇಳಿದಿದೆ ಅಂತ ಅಪ್ಪ ಗೊಣಗುತ್ತಾನೆ. ಬೀಡಿ ಕಟ್ಟುವ ಹೆಂಗಸರಲ್ಲಿ ಕೆಲವರು ಹೊಲಿಗೆ ಕಲಿಯಲು ಹೊರಟಿದ್ದಾರೆ, ಕೆಲವರು ಕೆಲಸ ಕಡಿಮೆಯಾದ ಸಿಟ್ಟಿಗೆ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಹದ ನೋಡುವ ಕೆಲಸ ಈಗ ಬೇರೆಯವರದು. ಮೊದಲ ಕೆಲವು ವಾರ ಅಪ್ಪ ಎಲ್ಲರ ಮೇಲೂ ಹರಿಹಾಯ್ದ, ಕದ್ದು ಸೇದಿ ಸಿಕ್ಕಿಯೂ ಬಿದ್ದ. ಆಮೇಲೆ ನಿಂತಿತು. ಮೆಟ್ಟಿಲು ಹತ್ತುವಾಗ ಈಗಲೂ ಒಂದು ಕಡೆ ನಿಲ್ಲುತ್ತಾನೆ, ಆದರೆ ಗೋಡೆ ಹಿಡಿಯುವುದಿಲ್ಲ.

ಗೂಡಂಗಡಿಗಳಲ್ಲಿ ಜನ ಈಗಲೂ ‘ಕೂಸಿನ ಬೀಡಿ ಕೊಡ್ರಿ’ ಅಂತಲೇ ಕೇಳುತ್ತಾರೆ. ಮೊನ್ನೆ ಕೊಟ್ಟೂರಿನಲ್ಲಿ ಕಿವಿಯಾರೆ ಕೇಳಿದೆ. ಮುಖ ಹೋಗಿಯೂ ಅವಳೇ ಉಳಿದಳಲ್ಲ ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಬಂದು, ತಲೆನೋವು ಹತ್ತಿಸಿಕೊಂಡು ಅವ್ವನ ಮನೆಯಲ್ಲಿ ಅಡ್ಡಾದೆ.

ಅಕ್ಕ ಬಂದಿದ್ದಳು. ಅಪ್ಪ ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟ ಅಂಗಿಯನ್ನು ಒಗೆಯಲು ಹಾಕೋಣ ಅಂತ ಅವಳು ಜೇಬು ತಡವಿದಳು. ಬೀಡಿ ಇರಲಿಲ್ಲ. ನನ್ನ ಫೋಟೋ ಇತ್ತು, ಲೇಬಲ್ಲಿನ ಅಳತೆಗೆ ಕತ್ತರಿಸಿದ್ದೇ. ಬೆವರಿಗೆ ಅಂಚು ಮುದುಡಿತ್ತು, ಅಂದರೆ ದಿನಾ ಅಲ್ಲೇ ಇರುತ್ತಿತ್ತು. ಅಕ್ಕ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಅಪ್ಪ ಬಂದ ಮೇಲೆ, “ನಂದೆಲ್ಲೈತಪಾ?” ಅಂತ ಕೇಳಿದಳು, ತಮಾಷೆಯ ದನಿಯಲ್ಲಿ.

“ನಿಂದು ಬಚ್ಚಲಕ ಒಗದ್ಯಲ್ಲವಾ ನೀನ,” ಅಂದ ಅಪ್ಪ, ತಲೆ ಒರೆಸಿಕೊಳ್ಳುತ್ತ.

ನನ್ನ ತಲೆನೋವು ಇಳಿಯಲಿಲ್ಲ ಅಂತ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವ ನನ್ನನ್ನು ಮಣೆಯ ಮೇಲೆ ಕೂಡಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾವೆಲ್ಲ ಸೆರಗು ಮೂಗಿಗೆ ಹಿಡಿದು ಕಾದೆವು. ಮೆಣಸಿನಕಾಯಿ ಸದ್ದಿಲ್ಲದೆ ಕರಕಾದವು. ಯಾರೂ ಕೆಮ್ಮಲಿಲ್ಲ, ಅಪ್ಪ ಕೂಡ.

“ಯಾರ ಕಣ್ಣೋ ಬಿದ್ದೈತಿ ನಿನ್ ಮ್ಯಾಲ,” ಅಂದಳು ಅವ್ವ.

ಅಕ್ಕ ಎದ್ದು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು. ನನ್ನ ತಲೆನೋವು ಆಗಲೇ ಇಳಿದಿತ್ತು.